ನಾನು ಬಾಯಿ ಮುಕ್ಕಳಿಸದ ಬೆಳಿಗ್ಗೆ

ಹಲ್ಲುಜ್ಜುವಂಥ ಸಣ್ಣ ಕೆಲಸದಲ್ಲೂ ಊರಿಗೆ ಸುದ್ದಿಯಾಗುವ ಯೋಗ ಎಲ್ಲರಿಗೂ ಇರೋದಿಲ್ಲ, ನನಗಿದೆ. ತೊಂಬತ್ತರ ದಶಕದಲ್ಲಿ ಹೇಮಗಿರಿ ಕಡೆಯ ನಮ್ಮೂರಲ್ಲಿ ನಾನು ಬಾಯಿ ಮುಕ್ಕಳಿಸಿದರೆ ಹೊಳೆಯಾಚೆಯ ಕೊಕ್ಕರೆಗಳು ಎದ್ದು ಹಾರುತ್ತಿದ್ದವು. ಅನುಮಾನವಿದ್ದರೆ ಕೊಕ್ಕರೆಗಳನ್ನೇ ಕೇಳಿ.

೧. ಡಾಕ್ಟರ ಕುರ್ಚಿ

ನನ್ನ ಬಲಗಡೆ ದವಡೆಹಲ್ಲಿಗೆ ಹುಳುಕು ಹಿಡಿಯಿತು. ಅದು ಸಾಮಾನ್ಯ ಹಲ್ಲಲ್ಲ. ನನ್ನ ಹೆಂಡತಿಗೆ ಕಬ್ಬೆಂದರೆ ಪ್ರಾಣ, ಸಿಪ್ಪೆ ಸೀಳುವಷ್ಟು ಗಟ್ಟಿ ಹಲ್ಲಿಲ್ಲ. ಮದುವೆಯಾದಾಗಿನಿಂದ ಈ ಹಲ್ಲಲ್ಲೇ ಸೀಳಿ ಕೊಡುತ್ತಿದ್ದೆ.

ಕೆ.ಆರ್. ಪೇಟೆಯ ಡಾಕ್ಟರು ತೂತು ಮುಚ್ಚಿ, "ಉಜ್ಜಿದ ಮೇಲೆ ನೊರೆ ಉಗೀರಿ, ಸಾಕು. ನೀರು ಹಾಕಿ ಮುಕ್ಕಳಿಸ್ಬೇಡಿ. ಪೇಸ್ಟಿನ ಔಷಧಿ ಹಲ್ಲಲ್ಲೇ ಇರ್ಲಿ. ಮತ್ತೆ ಹುಳುಕಾದ್ರೆ ಕೀಳ್ಬೇಕಾಗುತ್ತೆ" ಅಂದರು.

"ಕಿತ್ಕಳಿ ಸಾರ್, ಮುದ್ದೆ ನುಂಗಕ್ಕೆ ಹಲ್ಯಾಕೆ?" ಅಂದೆ.

ಬಾಗಿಲಲ್ಲಿದ್ದ ಹೆಂಡತಿ, "ಕಬ್ಬು?" ಅಂದಳು.

ಡಾಕ್ಟರು ಹೇಳಿದ ಹಾಗೇ ಮಾಡುತ್ತೇನೆ ಅಂದೆ.

೨. ಹೊಸ್ತಿಲು

ಮಾರನೆಯ ಬೆಳಿಗ್ಗೆ ನೊರೆ ಉಗಿದು ಕಾಫಿಗೆ ಕೈ ಚಾಚಿದೆ. ಹೆಂಡತಿಯ ಕೈಲಿದ್ದ ಲೋಟ ಹಿಂದಕ್ಕೆ ಹೋಯಿತು.

"ಬಾಯ್ ತೊಳೀದೆ ಒಳಕ್ಕೆ ಬರ್ಬ್ಯಾಡಿ."

"ಡಾಕ್ಟ್ರು ಹೇಳವ್ರೆ ಕಣೆ!"

"ಅಂಗಾರೆ ಡಾಕ್ಟ್ರ ಮನೇಲೇ ಕಾಫಿ ಕುಡೀರಿ."

ನಾನು ಕಚ್ಚಿದ ಕಬ್ಬು ಎಂಜಲಲ್ಲ, ನನ್ನ ಬಾಯಿ ಮಾತ್ರ ಎಂಜಲು! ಕೊನೆಗೆ ಲೋಟವನ್ನು ಹೊಸ್ತಿಲಾಚೆ ಇಟ್ಟು ಮಾರುದೂರ ಸರಿದಳು. ಕುಡಿದು ನೋಡಿದರೆ ಸಕ್ಕರೆಯೇ ಇಲ್ಲ. ಹಲ್ಲಿಗೆ ಒಳ್ಳೆಯದಂತೆ.

೩. ಟ್ರಾಕ್ಟರು

ಅಷ್ಟರಲ್ಲಿ ಎದುರುಮನೆಯ ಗೆಳೆಯ ಓಡಿ ಬಂದ. ದಿನಾ ನನ್ನ ಗಳಗಳ ಸದ್ದಿಗೇ ಎದ್ದು ಹಾಲು ಕರೆಯುವವನು. ಇವತ್ತು ಸದ್ದಿಲ್ಲ, ಹಸುವೇ ಕೂಗಿ ಎಬ್ಬಿಸಿತ್ತು. ನೀರು ಕಾಣದ ನನ್ನ ಮೀಸೆಯ ಮೇಲೆ ನೊರೆ ಹಾಗೇ ಇತ್ತು.

"ಅಯ್ಯೋ, ಬಾಯಲ್ಲಿ ನೊರೆ ಬಂದ್ಬುಟ್ಟದೆ! ಹಾವು ಕಚ್ಬುಟ್ಟದೆ, ಬನ್ರಲಾ!"

ಬೀದಿಯವರೆಲ್ಲ ಬಂದು ನನ್ನನ್ನು ಎತ್ತಿ ಟ್ರಾಕ್ಟರಿಗೆ ಹಾಕಿದರು.

"ಲೇ, ಇದು ಪೇಸ್ಟು ಕಣ್ಲಾ!"

"ಬಡಬಡಿಸ್ತಾವ್ನೆ, ಇಸ ತಲೆಗೇರ್ಬುಟ್ಟದೆ" ಎಂದು ಗೆಳೆಯ ಟವೆಲಿನಲ್ಲಿ ಕಣ್ಣೊರೆಸಿಕೊಂಡ.

ಹೆಂಡತಿ ಚೆಂಬು ಹಿಡಿದು ಬಂದಳು. "ಚೆಂದಾಗವ್ರೆ, ಇಳಿಸ್ರಪ್ಪ."

"ಅಂಗಾರೆ ಒಂದ್ಸಲ ಮುಕ್ಕಳಿಸ್ಲಿ ಅತ್ಗೆ, ನನ್ ಜೀವಕ್ಕೆ ಸಮಾಧಾನ ಆಗ್ಲಿ."

ಗೆಳೆಯನ ಮುಖ ನೋಡಲಾಗದೆ ಚೆಂಬಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. "ಬ್ಯಾಡ, ಹಲ್ಲು ಹೋಯ್ತದೆ" ಎಂದವಳೇ ತಾನೇ ಬಾಯ್ತುಂಬ ನೀರು ತುಂಬಿಕೊಂಡು, ಮುಖ ಮೇಲಕ್ಕೆತ್ತಿ ಶುರು ಮಾಡಿದಳು. ಟ್ರಾಕ್ಟರು ಅದುರಿತು.

ಉಗಿದು, "ನಾಳೆಯಿಂದ ಇವರ ಬದ್ಲು ನಾನೇ ಎಬ್ಬಿಸ್ತೀನಿ" ಅಂದಳು.

ಆ ಹಲ್ಲು ಉಳಿಯಿತು, ಕಬ್ಬೂ ನಡೆಯಿತು. ನನ್ನ ಸದ್ದಿಗೆ ಹಾರಿದರೂ ವಾಪಸು ಬರುತ್ತಿದ್ದ ಕೊಕ್ಕರೆಗಳು ಮಾತ್ರ, ಅವಳ ಸದ್ದಿಗೆ ಹೋದವು ಮತ್ತೆ ಬಂದಿಲ್ಲ.