ನಾಲ್ಕನೆಯ ತುಂಡು ಎಲ್ಲಿ, ಪೆಟ್ಟಿಗೆಯವರೇ?

ವಾಚನಾಲಯದ ಕಂಪ್ಯೂಟರ್ ಕೋಣೆಯಲ್ಲಿ, ಗೋಡೆ ಗಡಿಯಾರದ ಕೆಳಗೆ ಹಸಿರು ಕಣ್ಣು ಮಿಟುಕಿಸುತ್ತ ವಿರಾಜಮಾನರಾಗಿರುವ ರೂಟರ್ ಪೆಟ್ಟಿಗೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ಟಪಾಲು ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಕಾಗದ ವಿಂಗಡಿಸಿ ನಿವೃತ್ತಳಾದ, ಸದ್ಯ ತಮ್ಮ ಎದುರಿನ ಮೂರನೆಯ ಕುರ್ಚಿಯಲ್ಲಿ ಕುಳಿತು 'ಅಂತರ್ಜಾಲ: ಚರಿತ್ರೆ ಮತ್ತು ಮೂಲಪಾಠ' ಎಂಬ ಆರು ವಾರಗಳ ತರಗತಿ ಕೇಳುತ್ತಿರುವ ವಿದ್ಯಾರ್ಥಿನಿ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಹಸಿರು ದೀಪದಿಂದ ತಿಳಿಯಿತು. ನನಗಂತೂ ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ; ಆದರೂ ತಮ್ಮ ಮೇಲೊಂದು ದೂರಿದೆ.

ಮೊದಲು ತಮ್ಮ ವಂಶದ ಗುಣಗಾನ. 1969ರಲ್ಲಿ ತಮ್ಮ ಹಿರಿಯರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ 'ಲಾಗಿನ್' ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಸಾಗಿಸಲು ಹೊರಟು, ಎರಡು ದಾಟುವಷ್ಟರಲ್ಲಿ ನೆಲಕಚ್ಚಿದರಂತೆ. ನಮ್ಮ ಕಚೇರಿಯಲ್ಲಿ ಯಾರಾದರೂ ಐದರಲ್ಲಿ ಎರಡೇ ಕಾಗದ ಮುಟ್ಟಿಸಿ ಬಂದಿದ್ದರೆ ಮೇಲಧಿಕಾರಿಗಳು ಅಂದೇ ಮನೆಗೆ ಕಳುಹಿಸುತ್ತಿದ್ದರು. ತಮ್ಮವರನ್ನು ಮಾತ್ರ ಚರಿತ್ರೆಯಲ್ಲಿ ಕೂರಿಸಿದ್ದಾರೆ. ಇರಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಮುಂದಿನ ಪಾಠ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟೆ. ಯಾರು ಏನೇ ಬರೆದರೂ ಅದನ್ನು ತುಂಡು ತುಂಡು ಮಾಡಿ, ತುಂಡಿಗೊಂದು ಸಂಖ್ಯೆ ಮತ್ತು ವಿಳಾಸ ಅಂಟಿಸಿ, ಒಂದನ್ನು ಈ ದಾರಿಗೆ, ಇನ್ನೊಂದನ್ನು ಆ ದಾರಿಗೆ, ಬೇಕಾದರೆ ಸಮುದ್ರದ ತಳದ ತಂತಿಗೂ ಅಟ್ಟಿ, ಆ ತುದಿಯಲ್ಲಿ ಮತ್ತೆ ಜೋಡಿಸುತ್ತಾರಂತೆ. ಯಾವುದಾದರೂ ತಪ್ಪಿಹೋದರೆ ಆ ತುದಿಯವರೇ ಇಂಥದ್ದು ಬಂದಿಲ್ಲವೆಂದು ಕೇಳಿ ತರಿಸಿಕೊಳ್ಳುತ್ತಾರಂತೆ. ಒಂದು ಲಕೋಟೆಯ ಮೂಲೆಯನ್ನೂ ಹರಿಯದ ನಾನು, ತುಂಡು ಮಾಡುವವರು ಯಾರೆಂದು ಕೇಳಿದೆ. "ಅಮ್ಮಾ, ಅದನ್ನೆಲ್ಲ ಮಷೀನೇ ಮಾಡ್ಕೊಳ್ಳುತ್ತೆ, ನೀವು ಸುಮ್ನೆ ಬರೀರಿ" ಎಂದು ಟೀಚರು ಸಮಾಧಾನ ಹೇಳಿದರು. ಆದರೆ ವಿಂಗಡಣೆಯ ಮೇಜಿನಲ್ಲಿ ಕೂದಲು ಬೆಳ್ಳಗಾದವರು ತಮ್ಮ ಕೆಲಸವನ್ನು ಇನ್ನೊಬ್ಬರಿಗೆ ಬಿಡುವುದಿಲ್ಲ.

ಆದ್ದರಿಂದ ಕಳೆದ ಮಂಗಳವಾರ, ಹನ್ನೊಂದು ವರ್ಷದಿಂದ ನನ್ನೊಡನೆ ಮಾತು ಬಿಟ್ಟಿರುವ ತಂಗಿಗೆ, ಅವಳ ಮಗಳಿಂದ ವಿಳಾಸ ಪಡೆದು, ನನ್ನ ಮೊಟ್ಟಮೊದಲ ಇಮೇಲ್ ಬರೆದಾಗ, ನಾನೇ ಅದನ್ನು ಏಳು ತುಂಡು ಮಾಡಿ, 'ಏಳರಲ್ಲಿ ಒಂದು', 'ಏಳರಲ್ಲಿ ಎರಡು' ಎಂದು ತಲೆಬರಹ ಹಾಕಿ, ಬೇರೆ ಬೇರೆ ಇಮೇಲುಗಳಾಗಿ ತಮಗೊಪ್ಪಿಸಿದೆ. ಒಂದರಲ್ಲಿ ಕುಶಲ, ಎರಡರಲ್ಲಿ ನನ್ನ ಮಂಡಿನೋವು, ಮೂರರಲ್ಲಿ ಅಮ್ಮನ ಹೊಲಿಗೆಯಂತ್ರದ ಪ್ರಸ್ತಾಪ. ನಮ್ಮ ಮಾತು ನಿಂತದ್ದೇ ಅದರಿಂದ. ಐದರಿಂದ ಏಳರವರೆಗೆ ಬಿಸಿಲು, ಸೆಕೆ ಇತ್ಯಾದಿ. ಮುಖ್ಯವಾದದ್ದು ನಾಲ್ಕನೆಯದು.

ಗುರುವಾರ ಉತ್ತರ ಬಂತು. ಹನ್ನೊಂದು ವರ್ಷದ ಮೇಲೆ ಅವಳಾಡಿದ ಮೊದಲ ಮಾತು: "ಅಕ್ಕಾ, ನಾಲ್ಕನೇದು ಬಂದಿಲ್ಲ. ಅದೊಂದನ್ನೇ ನುಂಗ್ಬಿಟ್ಯಾ? ಕಳ್ಸು." ಪಾಠದಲ್ಲಿದ್ದಂತೆಯೇ ಆ ತುದಿ ಕೇಳಿ ತರಿಸಿಕೊಳ್ಳುತ್ತಿದೆ! ಮಂಡಿನೋವಿನ ಹೆಂಗಸು ಕುರ್ಚಿಗಳ ನಡುವೆ ಕುಣಿದದ್ದನ್ನು ತಾವೇ ಕಣ್ಣಾರೆ ಕಂಡಿದ್ದೀರಿ.

ಆದರೆ ಆರನ್ನು ಕಣ್ಣು ಮಿಟುಕಿಸುವುದರಲ್ಲಿ ಮುಟ್ಟಿಸಿದ ಸಮರ್ಥರು ನಾಲ್ಕನೆಯದನ್ನು ಎಲ್ಲಿ ಬೀಳಿಸಿದಿರಿ? ಆದಕಾರಣ ಇನ್ನು ಮುಂದೆ ತಾವು ಖಾಕಿ ಅಂಗಿ ಧರಿಸಬೇಕು, ತುಂಡು ತುಂಡಿಗೂ ದುಂಡು ಮುದ್ರೆ ಒತ್ತಬೇಕು, ಸಮುದ್ರದ ತಳದಲ್ಲಿ ಕೊಡೆ ಹಿಡಿಯಬೇಕು, ಮತ್ತು ಹನ್ನೊಂದು ವರ್ಷ ತಡವಾದ ಕಾಗದಗಳನ್ನು ಹನ್ನೊಂದು ವರ್ಷ ಹಿಂದಿನ ತಾರೀಖಿಗೇ ಮುಟ್ಟಿಸಬೇಕೆಂದು ಕೈಮುಗಿದು ಕೋರುತ್ತೇನೆ.

ಇಷ್ಟೆಲ್ಲ ಬೈದ ಮೇಲೂ ತಮ್ಮ ವಿಶ್ವಾಸಿ,
ಮೂರನೆಯ ಕುರ್ಚಿಯ ಅಕ್ಕ

ಮರೆತ ಮಾತು: ಇದನ್ನು ತಮ್ಮ ಪಕ್ಕದ ಗೋಡೆಗೆ ಅಂಟಿಸುವ ಮುನ್ನ ಒಂದು ನಿಜ ಹೇಳಬೇಕು. ನಾಲ್ಕನೆಯದು ತಮ್ಮ ಕೈಗೆ ಬಂದೇ ಇರಲಿಲ್ಲ. 'ಹೊಲಿಗೆಯಂತ್ರ ಅಮ್ಮ ನಿನಗೇ ಕೊಟ್ಟದ್ದು, ಎತ್ತಿಕೊಂಡು ಬಂದವಳು ನಾನು, ತಪ್ಪು ನನ್ನದು' ಎಂದು ಬರೆದು, ಗುಂಡಿ ಒತ್ತಲು ಧೈರ್ಯ ಸಾಲದೆ ಐದನೆಯದಕ್ಕೆ ಹಾರಿದ್ದೆ. ಈಗಷ್ಟೇ ಒತ್ತಿದ್ದೇನೆ. ಇದನ್ನೇನಾದರೂ ಕಳೆದಿರೋ, ತಮ್ಮ ಪ್ಲಗ್ಗು ಯಾವುದೆಂದು ನನಗೆ ಗೊತ್ತು; ಅದು ಮೊದಲ ದಿನದ ಪಾಠ.