ಕಾಮಣ್ಣನ ಹುಡುಗರೂ ನನ್ನ ಮರ್ಯಾದೆಯೂ

ಹೋಳಿ ಹುಣ್ಣಿವೆ ಬಂತೆಂದರೆ ನನಗೆ ಏನಾದರೊಂದು ಆಗಿಯೇ ತೀರಬೇಕು. ಸುಮ್ಮನೆ ಮನೆಯಲ್ಲಿ ಕೂತರೂ ಆಗುತ್ತದೆ. ಏನಾದರೂ ಒಳ್ಳೆಯದು ಮಾಡಲು ಹೊರಟರಂತೂ ಕೇಳಲೇಬೇಡಿ.

ನಮ್ಮ ಕಡೆ ಹುಣ್ಣಿವೆಗೆ ಐದಾರು ದಿನ ಇರುವಾಗಲೇ ಹುಡುಗರು ಹಲಗೆ ಬಾರಿಸುತ್ತ, ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುತ್ತ ಮನೆಮನೆಗೆ ಬರುತ್ತಾರೆ. ಕಾಮಣ್ಣನನ್ನು ಸುಡಲು ಕುಳ್ಳು, ಎಂದರೆ ಬೆರಣಿ, ಬೇಕು, ಕಟ್ಟಿಗೆ ಬೇಕು. ಕೊಟ್ಟರೆ ಸರಿ, ಮುಂದಿನ ಮನೆಗೆ ಹೋಗುತ್ತಾರೆ. ಕೊಡದಿದ್ದರೆ ನೀವು ಮಧ್ಯಾಹ್ನ ಊಟ ಮಾಡಿ ಅಡ್ಡಾದಾಗ ಹಿತ್ತಲಿಗೆ ಬಂದು ತಾವೇ ತೆಗೆದುಕೊಳ್ಳುತ್ತಾರೆ. ಅದನ್ನು ಕಳವು ಎನ್ನುವಂತಿಲ್ಲ, ಯಾರ ಮುಂದೆಯೂ ದೂರುವಂತಿಲ್ಲ. ಇಷ್ಟರ ಮಟ್ಟಿಗೆ ಎಲ್ಲ ಊರಿನದೂ ಒಂದೇ ಮಾತು. ಆದರೆ ಎಷ್ಟು ಕೊಡಬೇಕು, ಹೇಗೆ ಕೇಳಬೇಕು, ಯಾವುದನ್ನು ಮುಟ್ಟಬಾರದು ಎಂಬಲ್ಲಿ ಒಂದು ಊರಿನ ಕಾಯಿದೆ ಇನ್ನೊಂದಕ್ಕಿಲ್ಲ.

ನಾನು ಪ್ರಾಥಮಿಕ ಶಾಲೆಯ ಮಾಸ್ತರ. ನಮ್ಮ ಮನೆತನದಲ್ಲಿ ಒಂದು ಗುಡಿಯ ಪೂಜೆ, ಇಲ್ಲವೇ ಮಕ್ಕಳಿಗೆ ಅಕ್ಷರ ಕಲಿಸುವುದು. ಮೂರನೆಯ ಉದ್ಯೋಗ ಯಾರಿಗೂ ಗೊತ್ತಿರಲಿಲ್ಲ. ವರ್ಗವಾದ ಊರಲ್ಲೆಲ್ಲ ನನಗೆ ಇದ್ದ ಚಿಂತೆ ಒಂದೇ, ಮರ್ಯಾದೆಯದು. ಹೊಸ ಊರಿನವರು ಮಾಸ್ತರನನ್ನು ತಮ್ಮವನೆಂದು ಒಪ್ಪಿದರೋ ಇಲ್ಲವೋ ಎಂಬುದು ಹೋಳಿಯಲ್ಲಿ ಗೊತ್ತಾಗುತ್ತದೆ ಎಂದು ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು.

ಸ್ವತಂತ್ರ ದೇಶದ ಮಕ್ಕಳು

ಸ್ವಾತಂತ್ರ್ಯ ಬಂದ ಮೇಲಿನ ಮೊದಲನೆಯ ಹೋಳಿ. ನಾನು ಗದಗಿನಲ್ಲಿದ್ದೆ. ಹೊಸ ನೌಕರಿ, ಹೊಸ ಖಾದಿ ಟೊಪ್ಪಿಗೆ, ತಲೆ ತುಂಬ ಹೊಸ ವಿಚಾರ. ಹುಣ್ಣಿವೆಗೆ ವಾರ ಇರುವಾಗ ವರ್ಗದಲ್ಲಿ ನಿಂತು ಒಂದು ತಾಸು ಉಪದೇಶ ಮಾಡಿದೆ. ಇನ್ನು ನಾವು ಯಾರ ಆಳೂ ಅಲ್ಲ, ಸ್ವತಂತ್ರ ದೇಶದ ಮಕ್ಕಳು ಕಂಡಕಂಡವರ ಬಾಗಿಲಲ್ಲಿ ನಿಂತು ಕೈಯೊಡ್ಡಿ ಬೇಡಬಾರದು ಎಂದೆಲ್ಲ ಹೇಳಿದೆ. ಹುಡುಗರು ಎಂದೂ ಕೇಳದಷ್ಟು ಗಮನ ಕೊಟ್ಟು ಕೇಳಿದರು. ನನಗೆ ನನ್ನ ಮೇಲೆಯೇ ಅಭಿಮಾನ ಬಂತು.

ನಾಲ್ಕು ದಿನದ ಮೇಲೆ ನಮ್ಮ ಬಾಡಿಗೆ ಮನೆಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಸೊಂಟದ ಮೇಲೆ ಕೈಯಿಟ್ಟು ನನ್ನ ಬಾಗಿಲಿಗೆ ಬಂದಳು.

"ಮಾಸ್ತರ, ವರ್ಷಾ ವರ್ಷಾ ಈ ಹುಡುಗ್ರು ಬಂದು 'ಆಯಿ, ಐದು ಕುಳ್ಳು ಕೊಡು' ಅಂತಿದ್ವು. ಕೊಡತಿದ್ದೆ."

"ಈ ವರ್ಷ ಬೇಡಾಕ ಬರಲಿಲ್ಲ ಹೌದಲ್ರಿ?" ಎಂದು ನಾನು ಹಿಗ್ಗಿದೆ.

"ಬರಲಿಲ್ರಿ. ಈ ವರ್ಷ ಐದು ಕುಳ್ಳು ಉಳಿಸಿ ಹೋಗ್ಯಾವ."

ಮರುದಿನ ಬೆತ್ತ ಹಿಡಿದು ವರ್ಗದಲ್ಲಿ ನಿಂತೆ. "ಅಜ್ಜಿ ಕುಳ್ಳು ಒಯ್ದವರು ಯಾರಲೇ?" ಎಂದರೆ ಅರ್ಧ ವರ್ಗ ಎದ್ದು ನಿಂತಿತು. ಮುಂದಾಳು ಎದೆ ಉಬ್ಬಿಸಿ ಹೇಳಿದ: "ಬೇಡಬಾರದು ಅಂತ ನೀವ ಹೇಳಿದ್ರಲ್ರಿ. ಅದಕ್ಕ ಕೇಳಲಾರದ ತಗೊಂಡ್ವಿ."

ಒಳಗ ಅದಾನ

ಅದೇ ಊರಿನ ಇನ್ನೊಂದು ಮಗ್ಗುಲು ಬೆಟಗೇರಿ. ಮುಂದಿನ ಹೋಳಿಗೆ ಹಿರಿಯರ ಅಭಿಪ್ರಾಯ ಕೇಳಿಯೇ ಹೆಜ್ಜೆ ಇಡಬೇಕೆಂದು ಅಲ್ಲಿಯ ಒಬ್ಬ ನೂಲಿನ ವ್ಯಾಪಾರಿಯ ಮನೆಗೆ ಹೋದೆ. ಅವರ ಮೊಮ್ಮಗ ನನ್ನ ವರ್ಗದವನು. ಅಜ್ಜನವರು ಮುಂಬಾಗಿಲಲ್ಲೇ ನಿಂತು ಮಾತು ಸುರು ಮಾಡಿದರು. ಬೇಡಿಸುವುದರಿಂದಲೇ ಹುಡುಗರು ಕೆಡುತ್ತಾರೆ, ತಂದೆತಾಯಿಗಳ ಸಡಿಲು ಇದಕ್ಕೆ ಮೂಲ, ಇತ್ಯಾದಿ.

ಅವರ ಬೆನ್ನು ಹಿತ್ತಲ ಕಡೆಗೆ, ನನ್ನ ಮುಖ ಹಿತ್ತಲ ಕಡೆಗೆ. ಮಾತಿನ ನಡುವೆ ನೋಡುತ್ತೇನೆ, ಪಡಸಾಲೆಯ ಆಚೆ ಒಂದು ಏಣಿ ತಾನೇ ನಡೆದುಕೊಂಡು ಹೋಗುತ್ತಿದೆ. ಏಣಿಯ ಹಿಂದಿನ ತುದಿಯಲ್ಲಿ ಆ ಮೊಮ್ಮಗ. ನನ್ನನ್ನು ಕಂಡವನೇ ಏಣಿ ಕೆಳಗಿಟ್ಟು ಎರಡೂ ಕೈ ಮುಗಿದ. ಆಮೇಲೆ ಬೆರಳುಗಳನ್ನು ಬಾಯಿಯಂತೆ ಆಡಿಸಿ, ಮಾತಾಡಿಸುತ್ತಲೇ ಇರ್ರಿ ಎಂದು ಸನ್ನೆ ಮಾಡಿದ.

ಹೇಳಿಬಿಟ್ಟರೆ ಅಜ್ಜನವರಿಗೆ ಎದೆಯೊಡೆದೀತೆಂದು ನನಗೆ ಖರೇನೇ ಹೆದರಿಕೆಯಾಯಿತು. "ಹಂಗಾದ್ರ ಮಕ್ಕಳನ್ನ ಹ್ಯಾಂಗ ತಿದ್ದಬೇಕಂತೀರಿ?" ಎಂದು ಕೇಳಿದೆ. ಅಷ್ಟೇ ಸಾಕಾಯಿತು. ಅವರು ಶಿಸ್ತಿನ ಬಗ್ಗೆ ಅರ್ಧ ತಾಸು ಮಾತಾಡಿದರು. ಅಷ್ಟರಲ್ಲಿ ಏಣಿಯ ಹಿಂದೆ ಎರಡು ಕಟ್ಟಿಗೆಯ ಹಲಗೆ, ಒಂದು ಮುರುಕು ತೊಟ್ಟಿಲು ಹೋದವು.

"ನಮ್ಮ ಮೊಮ್ಮಗನ್ನ ನೋಡ್ರಿ," ಎಂದರು ಕೊನೆಗೆ, "ಹೋಳ್ಯಾಗ ಬಾಗಲಾ ದಾಟಿ ಹೊರಗ ಕಾಲ ಇಡೂದಿಲ್ಲ."

"ಹೌದ್ರಿ," ಎಂದೆ ನಾನು, "ಒಳಗ ಅದಾನ. ಕೆಲಸದಾಗ ಅದಾನ."

ಕಾಮಣ್ಣನ ಅರ್ಜಿ

ಸಂಸ್ಥಾನಗಳು ವಿಲೀನವಾಗಿದ್ದವು, ನನಗೆ ಲಕ್ಷ್ಮೇಶ್ವರಕ್ಕೆ ವರ್ಗವಾಯಿತು. ನಮ್ಮ ಓಣಿಯಲ್ಲಿ ಹಳೆಯ ಸಂಸ್ಥಾನದ ಕಚೇರಿಯ ಒಬ್ಬ ನಿವೃತ್ತ ಕಾರಕೂನರಿದ್ದರು. ಸಂಸ್ಥಾನ ಹೋಗಿತ್ತು, ಕಚೇರಿ ಹೋಗಿತ್ತು, ಆದರೆ ಅವರು ಕಾಗದ ಕಟ್ಟಿಡುತ್ತಿದ್ದ ಕೆಂಪು ಬಟ್ಟೆಯ ಬಸ್ತಾ ಮಾತ್ರ ಗೂಟಕ್ಕೆ ತೂಗಾಡುತ್ತಲೇ ಇತ್ತು. ಅವರ ಹಿತ್ತಲಲ್ಲಿ ಒಣಗಿ ಬಿದ್ದ ಒಂದು ಬೇವಿನ ಗಿಡ. ಹುಡುಗರ ಕಣ್ಣೆಲ್ಲ ಅದರ ಮೇಲೆ.

"ಸುಮ್ಮ ಸುಮ್ಮನ ಕೊಡಾಕ ಬರೂದಿಲ್ಲ ಮಾಸ್ತರ. ಎಲ್ಲಾದಕ್ಕೂ ಒಂದು ರೀತಿ ಐತಿ. ಅರ್ಜಿ ಕೊಡಸ್ರಿ," ಎಂದರು.

ನನಗೆ ಇದು ಬಹಳ ಹಿಡಿಸಿತು. ಬೇಡಿದಂತೆಯೂ ಆಗಲಿಲ್ಲ, ಕದ್ದಂತೆಯೂ ಆಗಲಿಲ್ಲ, ಮೇಲೆ ಪತ್ರಲೇಖನದ ರೂಢಿಯೂ ಆಯಿತು. ಅರ್ಜಿ ಮಂಜೂರಾಗುವವರೆಗೆ ಯಾರೂ ಆ ಗಿಡ ಮುಟ್ಟುವುದಿಲ್ಲವೆಂದು ನಾನೇ ಮಾತು ಕೊಟ್ಟೆ. ನಾಲ್ಕನೆಯ ವರ್ಗ ಕೂಡಿ ಬರೆಯಿತು: "ಸದರಿ ಕಾಮಣ್ಣನನ್ನು ಸದರಿ ಹುಣ್ಣಿವೆಗೆ ಸುಡುವುದಿರುತ್ತದೆ, ಆದ್ದರಿಂದ ಕೃಪೆಯಾಗಬೇಕು."

ಕಾರಕೂನರು ಮೂಗಿನ ಮೇಲೆ ಚಾಳೀಸು ಏರಿಸಿ ಓದಿದರು. ತಾರೀಖು ಇಲ್ಲವೆಂದು ಮರಳಿ ಕಳಿಸಿದರು. ತಾರೀಖು ಹಾಕಿ ಕೊಟ್ಟರೆ, ಸಹಿ ಮಾಡಿದವರೆಲ್ಲ ಓಣಿಯವರೇ ಹೌದೋ ಎಂದು ಕೇಳಿದರು. ಅದಕ್ಕೂ ಉತ್ತರ ಕೊಟ್ಟರೆ, ಕಾಮಣ್ಣ ಅರ್ಜಿದಾರರಿಗೆ ಸಂಬಂಧದಲ್ಲಿ ಏನಾಗಬೇಕೆಂದು ಬರೆದಿಲ್ಲ ಎಂದರು. ಕೊನೆಗೆ ಮೂಲೆಯಲ್ಲಿ "ವಿಚಾರಣೆಯಲ್ಲಿದೆ" ಎಂದು ಬರೆದು ಬಸ್ತಾದಲ್ಲಿ ಕಟ್ಟಿಟ್ಟರು. ಹುಣ್ಣಿವೆ ಬಂತು, ಹೋಯಿತು. ನಮ್ಮ ಓಣಿಯ ಕಾಮಣ್ಣ ನಾಲ್ಕು ಜಾಲಿಕಂಟಿಯಲ್ಲಿ ಸುಟ್ಟುಕೊಂಡ. ಬೇರೆ ಓಣಿಯವರು ಬಂದು ನೋಡಿ ನಕ್ಕು ಹೋದರು, ನಾನು ಎರಡು ದಿನ ಪೇಟೆಯ ಕಡೆ ತಲೆ ಹಾಕಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಮಳೆ ಧೋ ಎಂದು ಸುರಿಯುವಾಗ ಕಾರಕೂನರಿಂದ ಕರೆ ಬಂತು. "ಅರ್ಜಿ ಮಂಜೂರ ಆಗೇತಿ. ಜಲ್ದಿ ಒಯ್ಯಾಕ ಹೇಳ್ರಿ."

ಹುಡುಗರಿಗೆ ಹೇಳಿದೆ. ಅವರ ಮುಂದಾಳು ಸ್ವಲ್ಪ ವಿಚಾರ ಮಾಡಿ ಅಂದ: "ಆ ಗಿಡ ಅಲ್ಲೇ ಇರಲಿ ಅನ್ರಿ ಮಾಸ್ತರ. ಮುಂದಿನ ಹೋಳಿ ಅರ್ಜಿ ಈಗ ಕೊಟ್ಟಬಿಡೂಣು, ಹೊತ್ತಿಗೆ ಸರಿ ಆಕ್ಕೈತಿ."

ಸಭ್ಯವಾದ ಹಾಡು

ಶಿರಹಟ್ಟಿಯಲ್ಲಿ ಹುಡುಗರು ಕುಳ್ಳು ಬೇಡುವುದೂ ಸರಿ, ಜನ ಕೊಡುವುದೂ ಸರಿ. ಆದರೆ ಬೇಡುವಾಗಿನ ಬೈಗುಳ! ಮನೆಯ ಯಜಮಾನನ ಮೂರು ತಲೆಮಾರು ಜಾಲಾಡುತ್ತಿದ್ದರು. ಹೀಗಾದರೆ ನಾನು ಕಲಿಸಿದ ವಿದ್ಯೆಗೆ ಅರ್ಥವೇನೆಂದು ನಾನೇ ಕೂತು ಒಂದು ಹಾಡು ಕಟ್ಟಿದೆ. "ಕಾಮಣ್ಣ ಬಂದಿಹನು ಕಟ್ಟಿಗೆಯ ನೀಡಿರಿ, ತಾಯಂದಿರೆ ನಿಮಗೆ ಶುಭವಾಗಲಿ." ಹುಡುಗರನ್ನು ಎರಡು ಸಾಲಾಗಿ ನಿಲ್ಲಿಸಿ, ಶಬ್ದ ಸ್ಪಷ್ಟವಾಗಿ ಕೇಳಲೆಂದು ಹಲಗೆಯನ್ನು ಸಾವಕಾಶ ಬಾರಿಸಲು ಹೇಳಿ, ನಾನೇ ಮುಂದೆ ನಡೆದೆ.

ಮೊದಲನೆಯ ಮನೆ ಒಬ್ಬ ದೊಡ್ಡ ರೈತರದು. ಅವರ ತಾಯಿ, ಮುಪ್ಪಿನ ಮುದುಕಿ, ಸೆರಗು ಕಣ್ಣಿಗೆ ಹಚ್ಚಿಕೊಂಡೇ ಹೊರಗೆ ಬಂದಳು. "ಯಾರ ಹೋದ್ರೋ ಯಪ್ಪಾ? ನಿನ್ನಿ ಸಂಜಿಕ ಎಲ್ಲಾರೂ ಚೊಲೋ ಇದ್ರಲ್ಲೋ!"

ಯಾರೂ ಹೋಗಿಲ್ಲ, ಇದು ಹೋಳಿಯ ಹಾಡು ಎಂದು ತಿಳಿಸಿ ಹೇಳುವಷ್ಟರಲ್ಲಿ ನಾನು ಬೆವತೆ. ಅಜ್ಜಿಗೆ ಸಿಟ್ಟು ಬಂತು. "ಹೋಳ್ಯಾಗ ಹಿಂಗ ಹೆಣದ ಮುಂದಿನ ಹಲಗಿ ಬಡದು, ಅಳೂ ದನಿ ತಗದು ಬೇಡತಾರೇನ್ರಿ? ಬಯ್ಯಲಾರದ ಬೇಡಿದ್ರ ನಾ ಒಂದ ಕುಳ್ಳೂ ಕೊಡೂದಿಲ್ಲ. ಏನಲೇ, ಇವರು ನಿಮ್ಮ ಬಾಯಿ ಹೊಲದಾರೇನು? ನಾ ಹೇಳತೀನಿ, ನನ್ನ ಹಿಂದ ಅನ್ರಿ."

ಅನ್ನಲು ಸುರು ಮಾಡಿದಳು. ಹುಡುಗರಿಗೂ ಗೊತ್ತಿಲ್ಲದ ಬೈಗುಳಗಳು, ಅವೂ ತನ್ನ ಸ್ವಂತ ಮಗನ ಹೆಸರು ಹಿಡಿದು. ಹುಡುಗರು ಓಣಿ ನಡುಗುವಂತೆ ಹಿಂದೆ ಅಂದರು. ನಾನು ಎದುರು ಮನೆಯ ಗೋಡೆಯನ್ನು ಬಹಳ ಲಕ್ಷ್ಯದಿಂದ ನೋಡುತ್ತ ನಿಂತೆ.

"ನಾಚಬ್ಯಾಡ್ರಿ ಮಾಸ್ತರ," ಎಂದಳು ಅಜ್ಜಿ, "ಸಾಲ್ಯಾಗ ಬಾಯಿಪಾಠ ಮಾಡಸ್ರಿ."

ಮಾಡಿಸುವ ಅವಶ್ಯಕತೆ ಬೀಳಲಿಲ್ಲ. ನಾನು ಎಂಟು ದಿನ ಕಲಿಸಿದ ಹಾಡು ಮರುದಿನ ಒಬ್ಬನಿಗೂ ನೆನಪಿರಲಿಲ್ಲ. ಆಕೆ ಒಮ್ಮೆ ಹೇಳಿದ್ದನ್ನು ಇಂದಿಗೂ ಯಾರೂ ಮರೆತಿಲ್ಲ, ನನ್ನನ್ನೂ ಹಿಡಿದು.

ಯಾರೂ ಮುಟ್ಟದ ಮನೆ

ಕರ್ನಾಟಕ ಒಂದಾದ ಮೇಲಿನ ಮೊದಲ ಹೋಳಿಯ ಹೊತ್ತಿಗೆ ನಾನು ಮುಂಡರಗಿಯಲ್ಲಿದ್ದೆ. ಅಷ್ಟರಲ್ಲಿ ಬುದ್ಧಿ ಬಂದಿತ್ತು. ಬೇಡಲಿ, ಕದಿಯಲಿ, ಬಯ್ಯಲಿ, ನಾನು ತುಟಿ ಎರಡು ಮಾಡುವುದಿಲ್ಲವೆಂದು ನಿಶ್ಚಯಿಸಿ ಸುಮ್ಮನಿದ್ದೆ. ಹುಡುಗರೂ ನಮ್ಮ ಮನೆಯ ಮಟ್ಟಿಗೆ ಸುಮ್ಮನಿದ್ದರು. ಬೇಡಲೂ ಬರಲಿಲ್ಲ, ಕದಿಯಲೂ ಬರಲಿಲ್ಲ. ಹಲಗೆಯ ಸದ್ದು ಬಲಗಡೆಯ ಮನೆಯವರೆಗೆ ಬಂದು, ನಮ್ಮ ಮನೆಯ ಮುಂದೆ ನಿಂತು, ಎಡಗಡೆಯ ಮನೆಯಿಂದ ಮತ್ತೆ ಸುರುವಾಗುತ್ತಿತ್ತು.

ನಾನು ನೆಮ್ಮದಿಯಿಂದ ಇದ್ದೆ. ನನ್ನ ಹೆಂಡತಿಗೆ ನೆಮ್ಮದಿ ಇರಲಿಲ್ಲ. ಮೂರನೆಯ ದಿನ ಬಾವಿಯಿಂದ ಬಂದವಳೇ ಕೊಡ ಕುಕ್ಕಿದಳು.

"ಬಾಜೂ ಮನಿಯಾಕಿ ಏನಂದ್ಲು ಗೊತ್ತೇನ್ರಿ? 'ನಮ್ಮದು ಅಟ್ಟ ಹತ್ತೂ ನಿಚ್ಚಣಿಕಿ ಹೋತು. ನಿಮ್ಮದೇನೂ ಹೋಗಿಲ್ಲೇನ್ರಿ? ಹೌದು ಬಿಡ್ರಿ, ನೀವು ಇವತ್ತ ಇದ್ದು ನಾಳೆ ಹೋಗೂ ಮಂದಿ' ಅಂದ್ಲು. ನಾ ಎಲ್ಲೆ ಮಾರಿ ಇಟ್ಟುಕೊಳ್ಳಲಿ?"

ಅವಳ ಕಣ್ಣಲ್ಲಿ ನೀರಿತ್ತು. ಊರಿಂದೂರಿಗೆ ನನ್ನ ಹಿಂದೆ ಪಾತ್ರೆ ಪಡಗ ಕಟ್ಟಿಕೊಂಡು ತಿರುಗಿದವಳು. ಒಂದು ಊರಾದರೂ ತನ್ನದೆನಿಸಬೇಕೆಂಬ ಆಸೆ ಅವಳಿಗೆ ಇದ್ದದ್ದೇ. ನನಗೆ ಕೆಟ್ಟೆನಿಸಿತು.

ಅಂದೇ ಒಂದು ಬುಟ್ಟಿ ಕುಳ್ಳು ಹೊರಗಿನ ಕಟ್ಟೆಯ ಮೇಲೆ ಇಟ್ಟೆ. ಯಾರೂ ಮುಟ್ಟಲಿಲ್ಲ. ಮರುದಿನ ಎರಡು ಚೊಲೋ ಒಣ ಕೊರಡು ಇಟ್ಟೆ. ಮಧ್ಯಾಹ್ನ ಕಣ್ಣು ಮುಚ್ಚಿ ಗೊರಕೆ ಹೊಡೆಯುವ ಸೋಗು ಹಾಕಿದೆ. ಕಾಲ ಸಪ್ಪಳ ಕೇಳಿತು, ಪಿಸುಮಾತು ಕೇಳಿತು, ಕೊರಡು ಎಳೆಯುವ ಸದ್ದೂ ಕೇಳಿತು. ಹೆಂಡತಿ ಅಡಿಗೆಮನೆಯಲ್ಲಿ ದೇವರಿಗೆ ಕೈ ಮುಗಿದಳು. ಅಷ್ಟರಲ್ಲಿ ಬಾಗಿಲು ತಟ್ಟಿದ ಸಪ್ಪಳ. ತೆರೆದರೆ ನಾಲ್ಕು ಹುಡುಗರು, ಹೆಗಲ ಮೇಲೆ ನಮ್ಮ ಕೊರಡು.

"ಮಾಸ್ತರ, ಇವು ಹೊರಗ ಬಿದ್ದಿದ್ವು. ಯಾರರ ಒಯ್ದಾರು, ಒಳಗ ಇಟ್ಟುಕೋರಿ."

"ನೀವ ಒಯ್ಯಬಾರದೇನಲೇ?" ಎಂದು ತಡೆಯಲಾರದೆ ಕೇಳಿಬಿಟ್ಟೆ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. "ಬ್ಯಾಡ್ರಿ," ಎಂದ ದೊಡ್ಡವನು, "ಶಿರಹಟ್ಟ್ಯಾಗ ನಮ್ಮ ಸೋದರಮಾವ ಅದಾನ್ರಿ. ನಿಮ್ಮ ಸುದ್ದಿ ಹೇಳ್ಯಾನ. ನಿಮ್ಮ ಕಟ್ಟಿಗಿ ಮುಟ್ಟಿದ್ರ ನೀವು ಪಾಠ ಹೇಳತೀರಿ."

ಹುಣ್ಣಿವೆಗೆ ಒಂದೇ ದಿನ ಉಳಿದಿತ್ತು. ಹೆಂಡತಿ ಊಟ ಬಿಟ್ಟು ಕೂತಳು. ಕೊನೆಗೆ ನಾನು ಗಟ್ಟಿ ಮನಸ್ಸು ಮಾಡಿದೆ. ನಮ್ಮ ಕಟ್ಟಿಗೆಯನ್ನು ನಾನೇ ಒಯ್ದು ಕಾಮಣ್ಣನ ರಾಶಿಯಲ್ಲಿ ಸೇರಿಸಿ, ಹುಡುಗರು ಕದ್ದರೆಂದು ನಾಲ್ಕು ಜನರ ಮುಂದೆ ಕೂಗಾಡಿದರಾಯಿತು! ಉರಿಬಿಸಿಲಿನಲ್ಲಿ ಓಣಿಗೆ ಓಣಿಯೇ ಮಲಗಿದಾಗ, ತಲೆಗೆ ಟವೆಲು ಸುತ್ತಿ, ಎರಡೂ ಕೊರಡು ಹೆಗಲಿಗೇರಿಸಿ ಕಾಮಣ್ಣನ ಕಟ್ಟೆಗೆ ಹೋದೆ. ಒಂದನ್ನು ಇಳಿಸಲು ಬಗ್ಗಿದ್ದೆ ಅಷ್ಟೇ.

"ಕಳ್ಳ! ಕಳ್ಳ! ರಾಶಿ ಕಳ್ಳ ಸಿಕ್ಕ!"

ಆಚೆ ಓಣಿಯವರು ಬಂದು ಕಟ್ಟಿಗೆ ಕದಿಯದಿರಲೆಂದು ರಾಶಿಯ ಹಿಂದೆಯೇ ಹತ್ತು ಹುಡುಗರು ಕಾವಲು ಕೂತಿದ್ದರಂತೆ. ಹಲಗೆ ಬಡಿದರು. ಓಣಿ ಎದ್ದು ಬಂತು. ಟವೆಲು ಜಾರಿತು.

"ನಾ ಒಯ್ಯಾಕ ಬಂದಿಲ್ಲ. ಇಡಾಕ ಬಂದೇನಿ," ಎಂದೆ.

ಓಣಿಯ ಹಿರಿಯರು ನಕ್ಕರು. "ಇಡಾಕ ಬರಾವರು ಮಾರಿ ಮುಚ್ಚಿಕೊಂಡು ಬರತಾರೇನ್ರಿ ಮಾಸ್ತರ?" ರಾಶಿಗೆ ಕೈ ಹಚ್ಚಿದವನು ಬಾಯಿ ಬಡಿದುಕೊಳ್ಳುತ್ತ ಕಾಮಣ್ಣನನ್ನು ಮೂರು ಸುತ್ತು ಹಾಕಬೇಕು, ಅದು ಆ ಊರಿನ ಕಾಯಿದೆ. ಹಾಕಿದೆ. ಮೊದಲ ಸುತ್ತಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎರಡನೆಯ ಸುತ್ತಿಗೆ ಜನರೆಲ್ಲ ನನ್ನ ಜೊತೆ ಬಾಯಿ ಬಡಿದುಕೊಳ್ಳುತ್ತಿದ್ದರು. ಮೂರನೆಯದಕ್ಕೆ, ಸುಳ್ಳು ಯಾಕೆ ಹೇಳಲಿ, ನನಗೂ ಮೋಜೆನಿಸಿತು. ಆಗಲೇ ದೊಡ್ಡ ಹುಡುಗ ಉಳಿದವರಿಗೆ ಹೇಳಿದ್ದು ಕಿವಿಗೆ ಬಿತ್ತು: "ಇನ್ನ ಮಾಸ್ತರಿಗೆ ನಮಗ ಪಾಠ ಹೇಳಾಕ ಬಾಯಿಲ್ಲ. ನಡೀರಲೇ!"

ನಾನು ಮನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಕುಳ್ಳು ಇಲ್ಲ, ಬುಟ್ಟಿ ಇಲ್ಲ, ಕುಂತು ಉಣ್ಣುವ ಮಣೆ ಇಲ್ಲ. ಹಿತ್ತಲಿಗೆ ಹೋದರೆ ಬಾಗಿಲೇ ಇಲ್ಲ. ಬಾಗಿಲಿದ್ದ ಜಾಗದಲ್ಲಿ ನನ್ನ ಹೆಂಡತಿ ಎರಡೂ ಕೈ ಚಾಚಿ ಚೌಕಟ್ಟು ಹಿಡಿದು ನಿಂತು, ಬಾಜೂ ಮನೆಯ ಹಿತ್ತಲಿಗೆ ಕೇಳುವಂತೆ ಕೂಗುತ್ತಿದ್ದಳು: "ನಿಚ್ಚಣಿಕಿ ಏನ್ ಮಹಾ ಬಿಡ್ರಿ! ನಮ್ಮದು ಬಾಗಲಾನ ಒಯ್ದಾರ!"

"ತಡಿ, ಹುಡುಕಿ ತರತೀನಿ," ಎಂದು ನಾನು ಹೊರಟೆ.

"ತಂದ್ರ ನೋಡ್ರಿ ಮತ್ತ!" ಎಂದು ಹೆಂಡತಿ ಕಣ್ಣು ಕೆಕ್ಕರಿಸಿದಳು.

ಬಾಜೂ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ನಮ್ಮ ಬರಿ ಚೌಕಟ್ಟನ್ನು ಬಹಳ ಹೊತ್ತು ನೋಡಿದಳು. ದಡದಡ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವರ ಹಿತ್ತಲಿನಿಂದ, ಯಾರೋ ಸುತ್ತಿಗೆ ಹಿಡಿದು ಒಳಗಿನಿಂದಲೇ ಬಾಗಿಲಿನ ತಿರುಗಣಿ ಬಿಚ್ಚುವ ಸಪ್ಪಳ ಕೇಳತೊಡಗಿತು.