ಭಾವನವರ ಪೆಡಲ್ ದೋಣಿ

ನಮ್ಮ ಭಾವನವರಿಗೆ ಬುದ್ಧಿಯಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಇದೆ, ಧಾರಾಳವಾಗಿಯೇ ಇದೆ. ಆದರೆ ಒಂದು ವರ್ಷ ಅದು ತಲೆಯಿಂದ ಹೊರಟು ನೇರವಾಗಿ ಪಾದಕ್ಕೆ ಇಳಿಯಿತು!

ಭಾವ ಎಂದರೆ ನನ್ನ ತಂಗಿಯ ಗಂಡ. ವಡೋದರಾದ ಫತೇಗಂಜ್‌ನಲ್ಲಿ ಅವರದೊಂದು ಉಡುಪಿ ಹೋಟೆಲು. ಇವರೇ ದೋಸೆ ಕಾವಲಿಯ ಮುಂದೆ ನಿಂತರೆ ಹಾಸ್ಟೆಲಿನ ಹುಡುಗರು ರಸ್ತೆಯವರೆಗೆ ಸಾಲು ನಿಲ್ಲುತ್ತಿದ್ದರು. ಆ ವರ್ಷ ಸಣ್ಣದೊಂದು ಪಾರ್ಶ್ವವಾಯು ಬಡಿದು ಬಲಗೈ ಸೋತುಹೋಯಿತು. ಗಲ್ಲಾದಲ್ಲಿ ಕುಳಿತು ಗೋಡೆ ನೋಡತೊಡಗಿದರು. ಮಾತಿಲ್ಲ, ನಗುವಿಲ್ಲ. "ಹೀಗೇ ಕೂತರೆ ಇವರು ನಮಗೆ ಉಳಿಯುವುದಿಲ್ಲ ಅಣ್ಣ" ಎಂದು ತಂಗಿ ಫೋನಿನಲ್ಲಿ ಅತ್ತಳು. ಸಮಾಧಾನ ಹೇಳೋಣವೆಂದು ಅಹಮದಾಬಾದಿನಿಂದ ಬೆಳಗಿನ ರೈಲು ಹಿಡಿದೆ.

ಹೋಗಿ ನೋಡಿದರೆ ಭಾವ ದೋಣಿ ಆರಿಸುತ್ತಿದ್ದಾರೆ! ಯಾರೋ ವಿದ್ಯಾರ್ಥಿ ಮೇಜಿನ ಮೇಲೆ ಮರೆತುಹೋದ ವಿದೇಶಿ ಪತ್ರಿಕೆ. ಅದರಲ್ಲಿ ಕಯಾಕ್ ಎಂಬ ಸಪೂರ ದೋಣಿ. ಹುಟ್ಟು ಹಾಕಬೇಕಾಗಿಲ್ಲ. ಕುಳಿತು ಪೆಡಲ್ ತುಳಿಯುತ್ತ ಒಂದೇ ಕೈಯಲ್ಲಿ ಗಾಳ ಹಿಡಿಯಬಹುದಂತೆ.

"ಮೀನು ಹಿಡಿಯುವುದಾ!" ನಾನು ಕಿರುಚಿಯೇಬಿಟ್ಟೆ. ತಲೆಯ ಮೇಲೆ 'ಶುದ್ಧ ಶಾಕಾಹಾರಿ' ಬೋರ್ಡು, ಮನೆಯ ಮಾಲೀಕರು ಈರುಳ್ಳಿಯನ್ನೂ ಮುಟ್ಟದ ಜೈನರು!

"ಮೆಲ್ಲಗೆ ಮಾರಾಯ್ರೆ, ಗಿರಾಕಿಗಳಿದ್ದಾರೆ. ತಿನ್ನುವುದಕ್ಕಲ್ಲ, ಹಿಡಿದು ಬಿಡುವುದಕ್ಕೆ."

"ಎಲ್ಲಿ ಹಿಡಿಯುವುದು?"

"ವಿಶ್ವಾಮಿತ್ರಿಯಲ್ಲಿ. ಹತ್ತಿರ ಅಲ್ವಾ?"

ವಿಶ್ವಾಮಿತ್ರಿ ನದಿಯಲ್ಲಿ ಮೊಸಳೆಗಳಿವೆ ಸ್ವಾಮಿ! ಊರ ನಡುವೆಯೇ ದಡದಲ್ಲಿ ಬಿಸಿಲು ಕಾಯುತ್ತ ಬಿದ್ದಿರುತ್ತವೆ. ಅದನ್ನೂ ಹೇಳಿದೆ.

"ಅದಕ್ಕೇ ಹಿಂದಕ್ಕೂ ಹೋಗುವ ದೋಣಿ ಹುಡುಕ್ತಿರುವುದು" ಎಂದರು!

ಒಳಗಿನಿಂದ ಬಂದ ತಂಗಿ ತೀರ್ಪು ಕೊಟ್ಟಳು: "ಮೊಸಳೆ ನದಿ ಬೇಡ. ಸೂರತ್ತಿನ ತಾಪಿಯಾದರೆ ಸರಿ. ಒಬ್ಬರನ್ನೇ ನೀರಿಗೆ ಬಿಡುವುದಿಲ್ಲ, ನಾನೂ ಕೂರ್ತೇನೆ." ಎರಡು ಸೀಟು ಎಂದು ನಿಶ್ಚಯವಾಯಿತು. ಬುದ್ಧಿ ಹೇಳುತ್ತಾಳೆಂದು ನಂಬಿದ್ದ ನನ್ನ ತಂಗಿ!

ಮರುದಿನ ಪೆಡಲ್ ಪರೀಕ್ಷೆ. ಪತ್ರಿಕೆಯಲ್ಲಿದ್ದ ಒಂದು ನಮೂನೆಯ ದೋಣಿಯಲ್ಲಿ ಕಾಲನ್ನು ಮುಂದಕ್ಕೆ ಒತ್ತುತ್ತ ಹೋಗಬೇಕು. ಇನ್ನೊಂದರಲ್ಲಿ ಸೈಕಲ್ಲಿನಂತೆ ತಿರುಗಿಸಬೇಕು, ಉಲ್ಟಾ ತುಳಿದರೆ ದೋಣಿಯೂ ಹಿಂದಕ್ಕೆ. ಭಾವ ಉಗ್ರಾಣದಲ್ಲಿ ಸ್ಟ್ಯಾಂಡ್ ಹಾಕಿದ ಸೈಕಲ್ ಏರಿ, ಎಡಗೈಯಲ್ಲಿ ಕೋಲು ಹಿಡಿದು, ದಾರದ ತುದಿ ನನಗೆ ಕೊಟ್ಟರು.

"ಭಾವ, ನೀವು ಮೀನು" ಎಂದರು. ಅವರಿಗೆ ನಾನೂ ಭಾವನೇ.

ಅದು ನನ್ನ ವಾಕಿಂಗ್ ಹೊತ್ತು. ಜೀವನದಲ್ಲಿ ತಪ್ಪಿಸದ ವಾಕಿಂಗ್ ಬಿಟ್ಟು ಅಕ್ಕಿಮೂಟೆಗಳ ನಡುವೆ ಮೀನಾದೆ! ನೇರ ನಿಂತು, ಒಂದೇ ಸಮನೆ ಎಳೆದೆ.

"ಇಷ್ಟು ಶಿಸ್ತಿನ ಮೀನು ಎಲ್ಲಿ ಸಿಗ್ತದೆ? ಸ್ವಲ್ಪ ಒದ್ದಾಡಿ ಮಾರಾಯ್ರೆ!"

ಒದ್ದಾಡಿದೆ. ಬೇರೇನು ಮಾಡಲಿ? ಕೊನೆಗೆ ಸೈಕಲ್ ನಮೂನೆಯೇ ಗೆದ್ದಿತು.

ಅಂಥ ದೋಣಿ ಇಲ್ಲಿ ಮಾರಾಟಕ್ಕಿರಲಿಲ್ಲ. ಸೂರತ್ತಿನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ತುಂಬುವ ಫೈಬರ್ ಟ್ಯಾಂಕ್ ಮಾಡುವವನೊಬ್ಬನನ್ನು ಹಿಡಿದರು. ಸೀಟು ಎಷ್ಟೆತ್ತರ ಎಂದು ಅವನು ಕೇಳಿದರೆ, ಭಾವ ಗಲ್ಲಾ ಕುರ್ಚಿಯ ಅಳತೆ ಕೊಟ್ಟರು! ಕುಳಿತು ಅಭ್ಯಾಸವಾದ ಎತ್ತರವಂತೆ.

"ಸೇಠ್‌ಜೀ, ಉಲಟ್ ಜಾಯೇಗಾ!" ಮಗುಚೀತೆಂದು ಅವನೂ ಗಾಬರಿ. ಅಂತೂ ಸೀಟು ತಗ್ಗಿತು, ತಳ ಅಗಲವಾಯಿತು. ಸಿದ್ಧವಾದದ್ದನ್ನು ನೋಡಿದೆ: ಪೆಡಲ್ ಇರುವ ಟ್ಯಾಂಕು!

ಒಂದು ಭಾನುವಾರ ಬೆಳಿಗ್ಗೆ ಅದನ್ನು ತಾಪಿಗೆ ಇಳಿಸಿದರು. ಮುಂದೆ ಭಾವ, ಹಿಂದೆ ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟ ತಂಗಿ. ದಡದಲ್ಲಿ ನಿಂತ ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಟ್ಯಾಂಕು ತೇಲಿತು! ಸಾಗಿತು!

ಸ್ವಲ್ಪ ದೂರದಲ್ಲಿ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ಇದು ನನ್ನಂಥ ಮೀನಲ್ಲ. ಎಡಗೈ ಒಂದೇ ಸಾಲದೆ ಭಾವ ತತ್ತರಿಸಿದರು. "ಕೋಲು ಬಿಟ್ಟುಬಿಡಿ!" ಎಂದು ನಾನು ದಡದಿಂದ ಕೂಗಿದೆ.

ತಂಗಿ ನನ್ನ ಮಾತು ಕೇಳಲಿಲ್ಲ. ಮುಂದಕ್ಕೆ ಬಾಗಿ, ಅವರ ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಬಲಗೈಯನ್ನು ಎತ್ತಿದಳು. ಬೆರಳುಗಳನ್ನು ಒಂದೊಂದಾಗಿ ಕೋಲಿಗೆ ಸುತ್ತಿಸಿ, ಮೇಲಿಂದ ತನ್ನ ಕೈಯನ್ನು ಬಿಗಿಯಾಗಿ ಮುಚ್ಚಿದಳು.

"ಬಿಡಬೇಡ ಮಾರಾಯ್ತಿ!" ಭಾವ ನಗುತ್ತಿದ್ದರು.

"ಬಿಡುವುದಿಲ್ಲ. ನೀವು ತುಳೀರಿ."